ಸಿಮೆಂಟ್ ಸೀಮೆಯಲ್ಲಿ ಮರದ ಲೆಕ್ಕ: ಬಾಗಿಲ ಚೌಕಟ್ಟಿಗೆ ಯಾವುದು ಹಸಿರು?

2025ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತು. ಸಿಮೆಂಟ್, ಅಲ್ಯೂಮಿನಿಯಂ, ಕ್ಲೋರ್-ಆಲ್ಕಲಿ (ಕ್ಲೋರಿನ್, ಕಾಸ್ಟಿಕ್ ಸೋಡಾ ತಯಾರಿಕೆ) ಮತ್ತು ಕಾಗದ ಉದ್ಯಮದ 282 ಘಟಕಗಳಿಗೆ ಇಂಗಾಲದ ಗುರಿ ನಿಗದಿಯಾಯಿತು. ಅದರಲ್ಲಿ 186 ಸಿಮೆಂಟ್ ಘಟಕಗಳೇ. ವಾಡಿ, ಸೇಡಂ, ಮಳಖೇಡ, ಚಿತ್ತಾಪುರದ ಕಡೆಯವರಿಗೆ ಇದು ದೂರದ ದಿಲ್ಲಿಯ ಸುದ್ದಿ ಅಲ್ಲ. ಕಲಬುರಗಿ ಜಿಲ್ಲೆಯ ದೊಡ್ಡ ಉದ್ಯಮ ಅಂದರೆ ಸಿಮೆಂಟೇ.

ಇದರ ಜೊತೆಗೆ ಇನ್ನೊಂದು ಮಾತೂ ಕೇಳಿಬರುತ್ತಿದೆ. ಕಟ್ಟಡಗಳಲ್ಲಿ ಸಿಮೆಂಟ್, ಕಬ್ಬಿಣ ಕಡಿಮೆ ಮಾಡಿ, ಮರ ಜಾಸ್ತಿ ಬಳಸಿ ಅನ್ನುವುದು ಆ ಮಾತು. ಕೇಂದ್ರ ಲೋಕೋಪಯೋಗಿ ಇಲಾಖೆ 1993ರಿಂದ ತನ್ನ ಕಟ್ಟಡಗಳಲ್ಲಿ ಮರ ಬಳಸುವುದನ್ನು ನಿಲ್ಲಿಸಿತ್ತು. ಆ ನಿಷೇಧವನ್ನು 2020ರಲ್ಲಿ ತೆಗೆದುಹಾಕಲಾಯಿತು. ಶಾಲೆಯ ಗೋಡೆಯ ಮೇಲೆ 'ಮರ ಉಳಿಸಿ' ಅಂತ ಓದಿ ಬೆಳೆದವರಿಗೆ 'ಮರ ಬಳಸಿ' ಅಂದರೆ ಗೊಂದಲ ಆಗೇ ಆಗುತ್ತದೆ, ಅಲ್ವಾ? ಮರ ಕಡಿದರೆ ಪರಿಸರಕ್ಕೆ ಒಳ್ಳೆಯದು ಅನ್ನುವ ಮಾತು ಹೇಗೆ ನಿಜವಾದೀತು?

ನಿಜವೂ ಆಗಬಹುದು, ಸುಳ್ಳೂ ಆಗಬಹುದು. ಲೆಕ್ಕವನ್ನು ಎಲ್ಲಿಂದ ಶುರು ಮಾಡಿ ಎಲ್ಲಿಗೆ ನಿಲ್ಲಿಸಿದಿರಿ ಅನ್ನುವುದೇ ಇಲ್ಲಿ ಎಲ್ಲ.

ಅಧಿಸೂಚನೆಯ ಲೆಕ್ಕ ಗೇಟಿಗೆ ನಿಲ್ಲುತ್ತದೆ

ಮೊದಲು ಹೊಸ ನಿಯಮ ಏನು ಅಂತ ನೋಡೋಣ. ಒಂದು ಕಾರ್ಖಾನೆ ವರ್ಷಕ್ಕೆ ಒಟ್ಟು ಎಷ್ಟು ಹೊಗೆ (ಇಂಗಾಲದ ಡೈಆಕ್ಸೈಡ್‌ನಂಥ ಅನಿಲ) ಬಿಡಬಹುದು ಅಂತ ಇದು ಮಿತಿ ಹಾಕುವುದಿಲ್ಲ. ಒಂದು ಟನ್ ಸರಕಿಗೆ ಎಷ್ಟು ಅಂತ ಗುರಿ ಕೊಡುತ್ತದೆ. 2023–24ರ ಮಟ್ಟವನ್ನು ಆಧಾರವಾಗಿ ಇಟ್ಟುಕೊಂಡು 2025–26 ಮತ್ತು 2026–27ಕ್ಕೆ ಪ್ರತಿ ಘಟಕಕ್ಕೂ ಬೇರೆ ಬೇರೆ ಗುರಿ ಇದೆ. ಗುರಿಗಿಂತ ಚೆನ್ನಾಗಿ ಮಾಡಿದವರಿಗೆ ಕಾರ್ಬನ್ ಕ್ರೆಡಿಟ್, ಅಂದರೆ ಉಳಿಸಿದ ಹೊಗೆಗೆ ಮಾರಬಹುದಾದ ಪತ್ರ ಸಿಗುತ್ತದೆ. ಮುಟ್ಟಲಾಗದವರು ಅವರಿಂದ ಕೊಳ್ಳಬೇಕು. ಕೊಳ್ಳದಿದ್ದರೆ ಕ್ರೆಡಿಟ್‌ನ ಸರಾಸರಿ ಬೆಲೆಯ ಎರಡರಷ್ಟು ಪರಿಸರ ಪರಿಹಾರ ಕಟ್ಟಬೇಕು.

ಗಮನಿಸಬೇಕಾದ ವಿಷಯ ಏನೆಂದರೆ, ಟನ್ನಿಗೆ ಹೊಗೆ ಕಡಿಮೆಯಾದರೂ ಉತ್ಪಾದನೆ ಜಾಸ್ತಿಯಾದರೆ ಒಟ್ಟು ಹೊಗೆ ಏರಬಹುದು. ಇನ್ನೊಂದು, ಈ ಲೆಕ್ಕ ಕಾರ್ಖಾನೆಯ ಗೇಟಿನೊಳಗಿನದು. ಆ ಸಿಮೆಂಟಿನಿಂದ ಕಟ್ಟಿದ ಮನೆ ಎಷ್ಟು ವರ್ಷ ಬಾಳಿತು, ಅದೇ ಜಾಗದಲ್ಲಿ ಮರವೋ ಕಲ್ಲೋ ಬಳಸಿದ್ದರೆ ಏನಾಗುತ್ತಿತ್ತು, ಅದು ಈ ನಿಯಮಕ್ಕೆ ಸಂಬಂಧವಿಲ್ಲ. ಹಾಗಾಗಿ 'ಗುರಿ ಮುಟ್ಟಿದ ಸಿಮೆಂಟ್' ಅಂದರೆ 'ಮರಕ್ಕಿಂತ ಒಳ್ಳೆಯದು' ಅಂತಲೂ ಅಲ್ಲ, 'ಕೆಟ್ಟದ್ದು' ಅಂತಲೂ ಅಲ್ಲ. ಆ ಪ್ರಶ್ನೆಗೆ ಬೇರೆ ಲೆಕ್ಕ ಬೇಕು. ಅದಕ್ಕೆ ಜೀವನಚಕ್ರ ಲೆಕ್ಕ ಅನ್ನುತ್ತಾರೆ.

ಹುಟ್ಟಿನಿಂದ ಕಸದವರೆಗೆ

1969ರಲ್ಲಿ ಅಮೆರಿಕದ ಕೋಕಾ-ಕೋಲಾ ಕಂಪನಿ ಒಂದು ಅಧ್ಯಯನ ಮಾಡಿಸಿತು. ಬೇರೆ ಬೇರೆ ಬಗೆಯ ಬಾಟಲಿ, ಡಬ್ಬಿಗಳಲ್ಲಿ ಯಾವುದಕ್ಕೆ ಕಚ್ಚಾವಸ್ತು, ಇಂಧನ ಕಡಿಮೆ ಸಾಕು ಅನ್ನುವುದು ಪ್ರಶ್ನೆಯಾಗಿತ್ತು. ಈ ವಿದ್ಯೆಯ ಶುರುವಾತು ಅಲ್ಲಿಂದ ಅಂತ ಹೇಳುವುದುಂಟು. ಈಗ ಇದಕ್ಕೆ ಐಎಸ್‌ಒ 14040 ಮತ್ತು 14044 ಅನ್ನುವ ಅಂತರರಾಷ್ಟ್ರೀಯ ಮಾನದಂಡಗಳಿವೆ. ವಸ್ತುವನ್ನು ನೆಲದಿಂದ ತೆಗೆಯುವುದು, ತಯಾರಿಸುವುದು, ಸಾಗಿಸುವುದು, ಬಳಸುವುದು, ಕೊನೆಗೆ ಎಸೆಯುವುದು ಅಥವಾ ಮರುಬಳಕೆ ಮಾಡುವುದು, ಎಲ್ಲ ಹಂತದ ಭಾರವನ್ನೂ ಕೂಡಿಸಬೇಕು. ಆದರೆ ಮಾನದಂಡ ಉತ್ತರ ಕೊಡುವುದಿಲ್ಲ. ಪ್ರಶ್ನೆಯನ್ನು ಸ್ಪಷ್ಟವಾಗಿ ಬರೆಯಿರಿ ಅಂತ ಒತ್ತಾಯ ಮಾಡುತ್ತದೆ, ಅಷ್ಟೇ.

ಒಂದು ಟನ್ ಮರ ಮತ್ತು ಒಂದು ಟನ್ ಸಿಮೆಂಟನ್ನು ಹೋಲಿಸಿದರೆ ಅರ್ಥವಿಲ್ಲ. ಎರಡೂ ಮಾಡುವ ಕೆಲಸ ಬೇರೆ. ಹೋಲಿಸಬೇಕಾದ್ದು ಕೆಲಸವನ್ನು. ಉದಾಹರಣೆಗೆ, 'ಒಂದು ಬಾಗಿಲನ್ನು 40 ವರ್ಷ ಹಿಡಿದಿಡುವ ಚೌಕಟ್ಟು'.

ಒಂದು ಚೌಕಟ್ಟು, ನಾಲ್ಕು ಉತ್ತರ

ಚೌಕಟ್ಟನ್ನೇ ತೆಗೆದುಕೊಳ್ಳೋಣ. ನಮ್ಮ ಕಡೆ ಹಳೆಯ ಮನೆಗಳಲ್ಲಿ ಇದು ಕಟ್ಟಿಗೆಯದ್ದು. ಹೊಸ ಮನೆಗಳಲ್ಲಿ, ಅದರಲ್ಲೂ ಒಳಬಾಗಿಲುಗಳಿಗೆ, ಸಿಮೆಂಟ್ ಚೌಕಟ್ಟು ಕೂರಿಸುವುದುಂಟು. ಏಳು ಅಡಿ ಎತ್ತರ, ಮೂರೂವರೆ ಅಡಿ ಅಗಲ, ನಾಲ್ಕು ಇಂಚು–ಮೂರು ಇಂಚಿನ ಪಟ್ಟಿ, ಹೊಸ್ತಿಲು ಇಲ್ಲ ಅಂತ ಇಟ್ಟುಕೊಂಡರೆ ಸುಮಾರು ಒಂದೂವರೆ ಘನ ಅಡಿ ಆಗುತ್ತದೆ. ಮುಂದಿನದ್ದೆಲ್ಲ ಕೈಲೆಕ್ಕ. ಅಂಕಿ ಹೆಚ್ಚು ಕಡಿಮೆ ಆಗಬಹುದು, ದಿಕ್ಕು ತಪ್ಪುವುದಿಲ್ಲ.

ಸಿಮೆಂಟ್ ಚೌಕಟ್ಟಾದರೆ ಅದರಲ್ಲಿ 14–15 ಕೆಜಿ ಸಿಮೆಂಟ್ ಇರುತ್ತದೆ. ಹಾರುಬೂದಿ ಬೆರೆಸಿದ ಸಾಮಾನ್ಯ ಸಿಮೆಂಟಿಗೆ ಕೆಜಿಗೆ 650 ಗ್ರಾಂ ಇಂಗಾಲದ ಡೈಆಕ್ಸೈಡ್ ಅಂತ ಹಿಡಿದರೆ ಒಂಬತ್ತೂವರೆ ಕೆಜಿ ಆಯಿತು. ಒಳಗೆ ಮೂರು ತೆಳು ಸರಳು ಹಾಕುತ್ತಾರೆ, ಅದು ಮೂರೂವರೆ ಕೆಜಿ ಕಬ್ಬಿಣ. ನಮ್ಮ ದೇಶದ ಉಕ್ಕಿಗೆ ಕೆಜಿಗೆ ಎರಡು ಕೆಜಿಗಿಂತ ಜಾಸ್ತಿ ಹೊಗೆ. ಅಲ್ಲಿಗೆ ಇನ್ನೊಂದು ಎಂಟು ಕೆಜಿ. ಒಟ್ಟು 18 ಕೆಜಿ ಆಸುಪಾಸು. ಸಣ್ಣ ಸರಳು ಹೆಚ್ಚುಕಡಿಮೆ ಸಿಮೆಂಟಿನಷ್ಟೇ ಹೊಗೆ ಹೊತ್ತು ತರುತ್ತದೆ ಅನ್ನುವುದನ್ನು ಯಾರೂ ಹೇಳುವುದೇ ಇಲ್ಲ.

ಈಗ ಸಾಗುವಾನಿ, ಅಂದರೆ ತೇಗ. ಅಷ್ಟೇ ಅಳತೆಯ ಚೌಕಟ್ಟಿನ ಒಣ ತೂಕ 25 ಕೆಜಿ ಬರುತ್ತದೆ. ಒಣ ಕಟ್ಟಿಗೆಯ ತೂಕದಲ್ಲಿ ಅರ್ಧ ಇಂಗಾಲವೇ. ಗಿಡ ಬೆಳೆಯುವಾಗ ಗಾಳಿಯಿಂದ ಹೀರಿದ 45 ಕೆಜಿಯಷ್ಟು ಇಂಗಾಲದ ಡೈಆಕ್ಸೈಡ್ ಅದರಲ್ಲಿ ಸೇರಿಕೊಂಡಿದೆ. ಕಡಿಯುವುದು, ಸಾಮಿಲ್‌ನಲ್ಲಿ ಕೊಯ್ಯುವುದು, ಸಾಗಿಸುವುದು ಎಲ್ಲ ಸೇರಿ ಐದು ಕೆಜಿ ಹೊಗೆ ಅಂತ ಇಟ್ಟುಕೊಳ್ಳಿ.

ಮರದ ಪರ ಇರುವವರು ಇಲ್ಲೇ ನಿಲ್ಲಿಸುತ್ತಾರೆ. ಸಿಮೆಂಟಿಗೆ 18 ಕೆಜಿ ಸಾಲ, ಮರಕ್ಕೆ 40 ಕೆಜಿ ಉಳಿತಾಯ. ಗೆದ್ದಿದ್ದು ಮರ.

ಆದರೆ ಆ 45 ಕೆಜಿ ಬ್ಯಾಂಕಿನ ಠೇವಣಿ ಇದ್ದ ಹಾಗೆ. ಚೌಕಟ್ಟು ಮುರಿದು ಒಲೆಗೆ ಹೋದ ದಿನ ಅಷ್ಟೂ ಗಾಳಿಗೆ ವಾಪಸ್. ಹಾಗಾಗಿ ಎರಡನೇ ಲೆಕ್ಕ ಹೀಗಿದೆ: ಕಡಿದ ಜಾಗದಲ್ಲಿ ಮತ್ತೊಂದು ತೇಗ ಅಷ್ಟೇ ಬೆಳೆದರೆ ಹೀರಿದ್ದು, ಬಿಟ್ಟಿದ್ದು ಸಮ ಆಗುತ್ತದೆ. ಉಳಿಯುವುದು ಐದು ಕೆಜಿ ಹೊಗೆ ಮಾತ್ರ. ಸಿಮೆಂಟಿಗಿಂತ 13 ಕೆಜಿ ಕಡಿಮೆ. ಇದು ಸಾಧಾರಣ ಲಾಭ, ಆದರೆ ಗಟ್ಟಿ ಲಾಭ.

ಮೂರನೆಯದು ಯಾರಿಗೂ ಇಷ್ಟವಿಲ್ಲದ ಲೆಕ್ಕ. ಕಡಿದ ಜಾಗದಲ್ಲಿ ಗಿಡ ಮತ್ತೆ ಬರಲೇ ಇಲ್ಲ ಅಂತಿಟ್ಟುಕೊಳ್ಳಿ. ದಿಮ್ಮಿ ಕೊಯ್ದಾಗ ಹತ್ತಿರಹತ್ತಿರ ಅರ್ಧ ಭಾಗ ಹೊಟ್ಟು, ಸಿಪ್ಪೆ, ತುಂಡಾಗಿ ಹೋಗುತ್ತದೆ. ಒಂದೂವರೆ ಘನ ಅಡಿಯ ಚೌಕಟ್ಟಿಗೆ ಮೂರು ಘನ ಅಡಿ ದಿಮ್ಮಿ ಬೇಕು. ಚೌಕಟ್ಟು, ಹೊಟ್ಟು ಎರಡೂ ಒಂದಲ್ಲ ಒಂದು ದಿನ ಸುಟ್ಟರೆ 90 ಕೆಜಿ ಹೊಗೆ. ಬೇರು, ಕೊಂಬೆ, ಕಾಡಿನ ಮಣ್ಣು ಇನ್ನೂ ಸೇರಿಸಿಲ್ಲ. ಆಗ ಸಿಮೆಂಟ್ ಐದು ಪಟ್ಟು ವಾಸಿ.

ನಾಲ್ಕನೆಯದು ಬಾಳಿಕೆಯದ್ದು. ಗಿಡವೇನೋ ಮತ್ತೆ ಬೆಳೆಯಿತು, ಆದರೆ ಹದಿನೈದು ವರ್ಷಕ್ಕೊಮ್ಮೆ ಗೆದ್ದಲು ತಿಂದು ಎರಡು ಸಲ ಚೌಕಟ್ಟು ಬದಲಿಸಬೇಕಾಯಿತು ಅನ್ನೋಣ. 40 ವರ್ಷದ ಕೆಲಸಕ್ಕೆ ಮೂರು ಚೌಕಟ್ಟು, 15 ಕೆಜಿ. ಸಿಮೆಂಟಿಗೂ ಮರಕ್ಕೂ ಅಂತರ ಬಹುತೇಕ ಸವೆದುಹೋಯಿತು.

ಮರ ಅದೇ, ಬಾಗಿಲು ಅದೇ. ಉತ್ತರ ಮಾತ್ರ 40 ಕೆಜಿ ಲಾಭದಿಂದ 90 ಕೆಜಿ ನಷ್ಟದವರೆಗೆ ಓಡಾಡುತ್ತದೆ. ಇವುಗಳಲ್ಲಿ ಯಾವ ಲೆಕ್ಕವೂ ಸುಳ್ಳಲ್ಲ.

ಸುಣ್ಣದ ಕಲ್ಲಿನೊಳಗೇ ಇರುವ ಹೊಗೆ

ಸಿಮೆಂಟಿನ ಕಷ್ಟ ಬೇರೆ ಥರದ್ದು. ಭೀಮಾ ತೀರದ ನೆಲದಲ್ಲಿ ಸುಣ್ಣದ ಕಲ್ಲು ಪದರ ಪದರವಾಗಿ ಮಲಗಿದೆ. ಸಿಮೆಂಟ್ ಕಾರ್ಖಾನೆಗಳು ಇಲ್ಲಿಗೆ ಬಂದಿದ್ದೇ ಅದಕ್ಕೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡವನ್ನು ಇವತ್ತು ಬಹಳ ಜನ ಗುರುತಿಸುವುದು ಸಿಮೆಂಟ್ ಚೀಲದಿಂದ. ಈ ಕಲ್ಲನ್ನು ಸುಮಾರು 1450 ಡಿಗ್ರಿ ಶಾಖದ ಗೂಡಿನಲ್ಲಿ ಬೇಯಿಸಿದರೆ ಕ್ಲಿಂಕರ್, ಅಂದರೆ ಅರೆದು ಸಿಮೆಂಟ್ ಮಾಡುವ ಗಟ್ಟಿ ಉಂಡೆ ಸಿಗುತ್ತದೆ. ಶುದ್ಧ ಸುಣ್ಣದ ಕಲ್ಲು 100 ಕೆಜಿ ಸುಟ್ಟರೆ 56 ಕೆಜಿ ಸುಣ್ಣ ಉಳಿಯುತ್ತದೆ, 44 ಕೆಜಿ ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಅದು ಕಲ್ಲಿದ್ದಲಿನ ಹೊಗೆ ಅಲ್ಲ, ಕಲ್ಲಿನದ್ದೇ ಹೊಗೆ.

ಇದರಿಂದ ಒಂದು ವಿಷಯ ತಾನಾಗೇ ಹೊರಡುತ್ತದೆ. ಕಾರ್ಖಾನೆಯವರು ಸೋಲಾರ್ ಹಾಕಲಿ, ಗೂಡಿನ ಬಿಸಿಗಾಳಿಯಿಂದ ಕರೆಂಟ್ ಮಾಡಲಿ, ಅರ್ಧಕ್ಕಿಂತ ಜಾಸ್ತಿ ಹೊಗೆ ಹಾಗೇ ಉಳಿಯುತ್ತದೆ. ಉಳಿದಿರುವ ಸುಲಭದ ದಾರಿ ಒಂದೇ, ಚೀಲದಲ್ಲಿ ಕ್ಲಿಂಕರ್ ಕಡಿಮೆ ಮಾಡುವುದು. ಹಾರುಬೂದಿ ಸಿಮೆಂಟಿನಲ್ಲಿ ಶೇ 15ರಿಂದ 35ರಷ್ಟು ಬೂದಿ ಬೆರೆಸಲು ಮಾನದಂಡ ಒಪ್ಪುತ್ತದೆ. ಪಕ್ಕದ ರಾಯಚೂರಿನಲ್ಲೇ ಕಲ್ಲಿದ್ದಲು ವಿದ್ಯುತ್ ಸ್ಥಾವರ ಇದೆ. ಉಕ್ಕಿನ ಕಾರ್ಖಾನೆಯ ಸ್ಲ್ಯಾಗ್ (ಕಿಟ್ಟ) ಇನ್ನೂ ಜಾಸ್ತಿ ಬೆರೆಸಬಹುದು, ಉಕ್ಕಿನ ಕಾರ್ಖಾನೆ ಇರುವ ತೋರಣಗಲ್ಲು ಕೂಡ ಬಹಳ ದೂರವಿಲ್ಲ.

ಇಲ್ಲೂ ಲೆಕ್ಕದ ಜಗಳ ಇದೆ. ಹಾರುಬೂದಿ ಕಸವೋ ಸರಕೋ? ಕಸ ಅಂದರೆ ಅದರ ಹೊಗೆಯೆಲ್ಲ ವಿದ್ಯುತ್ತಿನ ಖಾತೆಗೆ, ಸಿಮೆಂಟಿಗೆ ಸೊನ್ನೆ. ಆದರೆ ಸಿಮೆಂಟಿನವರು ದುಡ್ಡು ಕೊಟ್ಟು ಕೊಳ್ಳಲು ಶುರು ಮಾಡಿದ ಮೇಲೂ ಅದನ್ನು ಕಸ ಅನ್ನಬಹುದಾ? ಸರಕು ಅಂದರೆ ಕಲ್ಲಿದ್ದಲಿನ ಹೊಗೆಯಲ್ಲಿ ಒಂದು ಪಾಲು ಸಿಮೆಂಟೂ ಹೊರಬೇಕು. ಮುಂದೆ ಕಲ್ಲಿದ್ದಲು ಸ್ಥಾವರಗಳು ಕಡಿಮೆಯಾದರೆ ಬೂದಿಯೇ ಸಿಗುವುದಿಲ್ಲ ಅನ್ನುವುದು ಬೇರೆ ಚಿಂತೆ. ಅದಕ್ಕಾಗಿಯೇ ಸುಟ್ಟ ಜೇಡಿಮಣ್ಣು ಮತ್ತು ಸುಣ್ಣದ ಕಲ್ಲು ಬೆರೆಸಿದ ಸಿಮೆಂಟಿಗೆ 2023ರಲ್ಲಿ ಭಾರತೀಯ ಮಾನದಂಡ ಬಂತು. ಜೇಡಿಮಣ್ಣು ಬೇಯಲು ಕ್ಲಿಂಕರಿಗಿಂತ ಬಹಳ ಕಡಿಮೆ ಶಾಖ ಸಾಕು, ಮತ್ತು ಅದು ಬೇಯುವಾಗ ಸುಣ್ಣದ ಕಲ್ಲಿನ ಹಾಗೆ ಒಳಗಿನ ಇಂಗಾಲವನ್ನು ಬಿಡುವುದಿಲ್ಲ.

ಸಿಮೆಂಟ್ ಉದ್ಯಮದ ವಾದಕ್ಕೂ ತೂಕವಿದೆ. ಬೆಂಕಿಗೆ, ಗೆದ್ದಲಿಗೆ ಸಿಮೆಂಟ್ ಬಗ್ಗುವುದಿಲ್ಲ. ಗಟ್ಟಿಯಾದ ಕಾಂಕ್ರೀಟು ವರ್ಷಗಳ ಕಾಲ ಗಾಳಿಯಿಂದ ಸ್ವಲ್ಪ ಇಂಗಾಲದ ಡೈಆಕ್ಸೈಡನ್ನು ಮತ್ತೆ ಹೀರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಇಷ್ಟು ದೊಡ್ಡ ದೇಶಕ್ಕೆ ಮನೆ ಕಟ್ಟುವಷ್ಟು ಮರ ಎಲ್ಲಿದೆ ಅಂತ ಅವರು ಕೇಳಿದರೆ ತಟ್ಟನೆ ಉತ್ತರ ಕೊಡುವುದು ಕಷ್ಟ.

ಮರ ಎಲ್ಲಿಂದ ಬಂತು?

ಇಡೀ ವಾದ ನಿಂತಿರುವುದು ಇದರ ಮೇಲೆ. ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಕಾಡು ಮೊದಲೇ ಕಡಿಮೆ. ಇದ್ದದ್ದರಲ್ಲಿ ದೊಡ್ಡದು ಚಿಂಚೋಳಿಯದ್ದು. ಸುಮಾರು 135 ಚದರ ಕಿಲೋಮೀಟರ್ ವಿಸ್ತಾರದ ಎಲೆ ಉದುರುವ ಕಾಡು, 2011ರಿಂದ ವನ್ಯಜೀವಿ ಧಾಮ. ಅಲ್ಲಿಂದ ನಾಟಾ ತರುವ ಮಾತೇ ಇಲ್ಲ, ಬರಬಾರದು ಕೂಡ. ದೇಶದಲ್ಲೂ ಅಷ್ಟೇ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ, 1988ರ ಅರಣ್ಯ ನೀತಿ, 1996ರಿಂದ ಗೋದಾವರ್ಮನ್ ಪ್ರಕರಣದಲ್ಲಿ ಬಂದ ಸುಪ್ರೀಂ ಕೋರ್ಟ್ ಆದೇಶಗಳು ಸರ್ಕಾರಿ ಕಾಡಿನಿಂದ ಮರ ಬರುವುದನ್ನು ಬಿಗಿಗೊಳಿಸಿದವು. ಇವತ್ತು ಉದ್ಯಮಕ್ಕೆ ಹೋಗುವ ಮರದಲ್ಲಿ ಬಹುಪಾಲು ರೈತರ ಹೊಲದ್ದು. ಉಳಿದದ್ದು ಹಡಗಿನಲ್ಲಿ ಬರುತ್ತದೆ.

ಹಡಗಿನಲ್ಲಿ ಬಂದ ಮರ ಅಂದಾಕ್ಷಣ ಸಾಗಾಟದ ಹೊಗೆ ನೆನಪಾಗುತ್ತದೆ. ನಿಜಕ್ಕೂ ಅದು ಸಣ್ಣ ಭಾಗ. ಮಂಗಳೂರು ಬಂದರಿನಿಂದ ಕಲಬುರಗಿಗೆ ಲಾರಿಯಲ್ಲಿ ಬಂದರೂ ನಮ್ಮ ಚೌಕಟ್ಟಿನ ಪಾಲಿಗೆ ಬೀಳುವುದು ಎರಡು ಕೆಜಿ ಒಳಗೆ. ದೊಡ್ಡ ಪ್ರಶ್ನೆ ಆ ಮರ ಬೆಳೆದ ದೇಶದ ಕಾಡು ಮತ್ತೆ ಬೆಳೆಯಿತೇ ಅನ್ನುವುದು. ಅದು ಗೊತ್ತಿಲ್ಲದೆ ಹಾಕಿದ ಹಸಿರು ಮುದ್ರೆಗೆ ಬೆಲೆ ಇಲ್ಲ.

ಹೊಲದ ಮರಕ್ಕೆ ಲೆಕ್ಕ ಸ್ಪಷ್ಟ. ತೊಗರಿ ಹೊಲದ ಬದುವಿನ ಮೇಲೆ ಬೇವು, ತೇಗ, ಹೆಬ್ಬೇವು ಬೆಳೆದರೆ ಮೊದಲು ಅಲ್ಲಿ ಇಲ್ಲದ ಇಂಗಾಲ ಈಗ ಸೇರಿದೆ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಬದುಕುಳಿದ ಸಸಿಗೆ ಮೂರು ವರ್ಷ ಹಣ ಕೊಡುವುದು ಈ ದಾರಿಗೆ ಅನುಕೂಲವೇ. ಪರಿಸರದವರು ಎಚ್ಚರಿಸುವುದು ಇನ್ನೊಂದು ಕಡೆಯಿಂದ. ಮರಕ್ಕೆ ಬೆಲೆ ಬಂದ ಕೂಡಲೇ 'ಖಾಲಿ ಜಾಗ' ಹುಡುಕುತ್ತಾರೆ. ಬೀದರ್ ಕಡೆಯ ಹುಲ್ಲುಗಾವಲು ನೋಡುವವರಿಗೆ ಖಾಲಿಯೇ. ಆದರೆ ಕೃಷ್ಣಮೃಗ ಬದುಕುವುದು ಅಲ್ಲಿ, ಕುರಿ ಮೇಯುವುದೂ ಅಲ್ಲೇ. ಅಲ್ಲಿ ಸಾಲುಸಾಲಾಗಿ ಒಂದೇ ಜಾತಿ ಗಿಡ ನೆಟ್ಟರೆ ಇಂಗಾಲದ ಖಾತೆಯಲ್ಲಿ ಲಾಭ ಕಾಣುತ್ತದೆ, ಹುಲ್ಲು ಹೋದದ್ದು ಯಾವ ಖಾತೆಯಲ್ಲೂ ಕಾಣುವುದಿಲ್ಲ. ಈ ವಿಷಯದಲ್ಲಿ ಪರಿಸರದವರ ಮಾತೇ ಸರಿ ಅನ್ನಿಸುತ್ತದೆ.

ಅಂಕಿ ಯಾವ ದೇಶದ್ದು?

ಅರಣ್ಯ ಸಂಶೋಧನೆ ಅಂದರೆ ಸಸಿ ಬೆಳೆಸುವುದು, ಹುಲಿ ಎಣಿಸುವುದು ಅಂತ ಬಹಳ ಜನ ತಿಳಿದಿದ್ದಾರೆ. ಚೌಕಟ್ಟಿನ ಲೆಕ್ಕಕ್ಕೆ ಬೇಕಾದದ್ದೆಲ್ಲ ಬರುವುದು ಅಲ್ಲಿಂದಲೇ. ಯಾವ ಗಿಡ ಯಾವ ಮಣ್ಣಿನಲ್ಲಿ ಎಷ್ಟು ವರ್ಷಕ್ಕೆ ಎಷ್ಟು ದಪ್ಪವಾಗುತ್ತದೆ, ಕಟ್ಟಿಗೆಯ ಸಾಂದ್ರತೆ ಎಷ್ಟು, ಗೆದ್ದಲಿಗೆ ಎಷ್ಟು ತಡೆಯುತ್ತದೆ, ಒಣಗಿಸುವಾಗ ಸೀಳುತ್ತದೆಯೇ? ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯ ಕೆಲಸ ಬಹುತೇಕ ಇದೇ. ಅದು ಡೆಹ್ರಾಡೂನಿನ ಭಾರತೀಯ ಅರಣ್ಯ ಸಂಶೋಧನೆ ಮತ್ತು ಶಿಕ್ಷಣ ಮಂಡಳಿಯ ಅಡಿಯಲ್ಲಿದೆ.

ಆದರೆ ಜೀವನಚಕ್ರ ಲೆಕ್ಕ ಮಾಡುವವರು ಕಂಪ್ಯೂಟರಿನಲ್ಲಿ ಬಳಸುವ ದತ್ತಾಂಶ ಬಹಳ ಸಲ ಯುರೋಪಿನದ್ದು. ಅಲ್ಲಿನ ಪೈನ್, ಸ್ಪ್ರೂಸ್ ಹಲಗೆಯ ಹೊಗೆಯಲ್ಲಿ ದೊಡ್ಡ ಪಾಲು ಗೂಡಿನಲ್ಲಿ ಒಣಗಿಸುವುದರದ್ದು. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಕಲಬುರಗಿಯಲ್ಲಿ ಕಟ್ಟಿಗೆಯನ್ನು ನೆರಳಲ್ಲಿ ಪೇರಿಸಿಟ್ಟರೆ ಗಾಳಿಗೇ ಒಣಗುತ್ತದೆ. ಯುರೋಪಿನ ಅಂಕಿ ಇಟ್ಟರೆ ನಮ್ಮ ಬೇವಿಗೆ ಇಲ್ಲದ ಹೊಗೆಯ ಭಾರ ಬೀಳುತ್ತದೆ. ಗೆದ್ದಲಿನ ವಿಷಯದಲ್ಲಿ ಉಲ್ಟಾ. ಉತ್ತರ ಯುರೋಪಿನವರಿಗೆ ಗೆದ್ದಲಿನ ಕಾಟವಿಲ್ಲ. ಅವರ ಬಾಳಿಕೆಯ ಅಂದಾಜನ್ನು ಇಲ್ಲಿ ಇಟ್ಟರೆ ಮರ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ.

ಹೆಬ್ಬೇವನ್ನೇ ನೋಡಿ. ಆರೇಳು ವರ್ಷಕ್ಕೆ ಪ್ಲೈವುಡ್‌ಗೆ ಸಿದ್ಧ, ಬೇಗ ದುಡ್ಡು. ಬೇಗ ಬೆಳೆಯುವ ಕಟ್ಟಿಗೆ ಹಗುರ. ಚೌಕಟ್ಟಿಗೆ ಬೇಕೆಂದರೆ ಔಷಧಿ ಕುಡಿಸಬೇಕು. ತಾಮ್ರ, ಕ್ರೋಮಿಯಂ ಸೇರಿದ ಔಷಧಿ ಹಾಕಿದ ಕಟ್ಟಿಗೆಯನ್ನು ಕೊನೆಗೆ ಒಲೆಗೆ ಹಾಕುವಂತಿಲ್ಲ, ಹೊಗೆ, ಬೂದಿ ಎರಡೂ ವಿಷ. ಸಾಗುವಾನಿ, ಕರಿಜಾಲಿಗೆ ಬಾಳಿಕೆ ಇದೆ, ಕಾಯುವ ತಾಳ್ಮೆ ಬೇಕು. ಕಪ್ಪು ಮಣ್ಣಿನಲ್ಲಿ, ಅದೂ ಮಳೆ ಕೈಕೊಡುವ ವರ್ಷಗಳಲ್ಲಿ ಇವು ಹೇಗೆ ಬೆಳೆಯುತ್ತವೆ ಅನ್ನುವ ಅಳತೆಯಿಲ್ಲದೆ 'ಮರ ಹಸಿರು' ಅನ್ನುವುದು ಸುಮ್ನೆ ಮಾತು.

ಪರ್ಸಿ ಕಲ್ಲು: ಅಂಕಿಯಲ್ಲಿ ಗೆದ್ದು, ನೆಲದಲ್ಲಿ ಸೋತು

ಮರವೋ ಸಿಮೆಂಟೋ ಅನ್ನುವ ಗದ್ದಲದಲ್ಲಿ ಪರ್ಸಿ ಕಲ್ಲನ್ನು, ಅಂದರೆ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲನ್ನು ಮರೆತಿದ್ದೇವೆ. ಅದೂ ಸುಣ್ಣದ ಕಲ್ಲೇ, ಆದರೆ ಸುಡುವುದಿಲ್ಲ. ಪದರದಿಂದ ಪದರ ಎಬ್ಬಿಸಿ, ಕೊಯ್ದು, ಹಾಸಿದರೆ ನೆಲ ಸಿದ್ಧ. ಸಾವಿರ ಡಿಗ್ರಿ ದಾಟಿದ ಗೂಡಿನಲ್ಲಿ ಬೇಯಿಸಿದ ಟೈಲ್ಸ್ ಪಕ್ಕ ಇಟ್ಟರೆ ಇಂಗಾಲದ ಅಂಕಿ ಬಹಳ ಕಡಿಮೆ ಬರುವುದು ಸಹಜ. ಆದರೆ ಖಣಿಯ ಗುಂಡಿಗಳು, ಒಡೆದ ಕಲ್ಲಿನ ದಿಬ್ಬಗಳು, ಕೊಯ್ಯುವವರ ಎದೆಗೆ ಹೋಗುವ ಧೂಳು ಕೆಜಿ ಇಂಗಾಲದಲ್ಲಿ ಬರುವುದಿಲ್ಲ. ಐಎಸ್‌ಒ ಪ್ರಕಾರ ಇಂಗಾಲ ಒಂದನ್ನೇ ನೋಡಿ ಪೂರ್ತಿ ಜೀವನಚಕ್ರ ಲೆಕ್ಕ ಅನ್ನುವಂತಿಲ್ಲ, ನೀರು, ನೆಲ, ವಿಷದ ಪರಿಣಾಮವನ್ನೂ ನೋಡಬೇಕು. ಆದರೆ ಜಾಹೀರಾತಿಗೆ ಬರುವುದು ಇಂಗಾಲ ಒಂದೇ.

ಮುಂದೆ ಏನಾಗಬಹುದು

ಮೊದಲ ಬದಲಾವಣೆ ಅಂಗಡಿಯಲ್ಲಿ ಕಾಣುತ್ತದೆ. ಬೂದಿ, ಸ್ಲ್ಯಾಗ್ ಬೆರೆಸಿದ ಸಿಮೆಂಟ್ ಇನ್ನೂ ಜಾಸ್ತಿಯಾಗುತ್ತದೆ. ಬೆರೆಸಿದ ಸಿಮೆಂಟ್ ಕಳಪೆ ಅನ್ನುವ ಭಾವನೆ ಕೆಲವರಿಗಿದೆ. ಅದು ಗಟ್ಟಿಯಾಗಲು ಸ್ವಲ್ಪ ನಿಧಾನ, ನೀರು ಉಣಿಸುವುದನ್ನು ಬೇಗ ನಿಲ್ಲಿಸಬಾರದು. ಗೌಂಡಿ ಆತುರ ಮಾಡಿದರೆ ಬಾಳಿಕೆ ಹೋಗುತ್ತದೆ, ಬಾಳಿಕೆ ಹೋದರೆ ಉಳಿಸಿದ ಇಂಗಾಲವೂ ಹೋಗುತ್ತದೆ.

ಎರಡನೆಯದು ತೊಗರಿ ಕಟ್ಟಿಗೆ. ಗೂಡಿನಲ್ಲಿ ಕಲ್ಲಿದ್ದಲಿನ ಬದಲು ಬೆಳೆಯ ಉಳಿಕೆ ಸುಟ್ಟರೆ ಕಾರ್ಖಾನೆಯ ಅಂಕಿ ಇಳಿಯುತ್ತದೆ. ತೊಗರಿಯ ಕಣಜ ಅನ್ನಿಸಿಕೊಂಡ ಕಲಬುರಗಿಯಲ್ಲಿ, ಪಕ್ಕದ ಯಾದಗಿರಿಯ ಹತ್ತಿ ಹೊಲಗಳಲ್ಲಿ ಇಂಥ ಉಳಿಕೆಗೆ ಕೊರತೆಯಿಲ್ಲ. ಗೇಟಿನೊಳಗಿನ ಲೆಕ್ಕಕ್ಕೆ ಇದು ಕಸ, ಭಾರ ಸೊನ್ನೆ. ಹಳ್ಳಿಯ ಲೆಕ್ಕದಲ್ಲಿ ಅದು ಒಲೆಯ ಉರುವಲು, ಬೇಲಿ, ದನದ ಕೊಟ್ಟಿಗೆಯ ತಟ್ಟಿ. ಒಳ್ಳೆ ಬೆಲೆಗೆ ಕಾರ್ಖಾನೆ ಕೊಂಡರೆ ಹೊಲ ಇದ್ದವರಿಗೆ ನಾಲ್ಕು ಕಾಸು. ಹೊಲ ಇಲ್ಲದೆ ಆರಿಸಿಕೊಂಡು ಬರುತ್ತಿದ್ದವರು ಕರಿಜಾಲಿ ಕಡಿಯಬೇಕಾಗುತ್ತದೆ. ಆ ಹೊಗೆ ಯಾವ ಅಧಿಸೂಚನೆಯಲ್ಲೂ ಇರುವುದಿಲ್ಲ.

ಮೂರನೆಯದು ಗಿಡ ಬೆಳೆಸಿದ ರೈತರಿಗೆ ನೇರವಾಗಿ ತಟ್ಟುವಂಥದ್ದು. ಇಂಗಾಲ ಮಾರುಕಟ್ಟೆಯಲ್ಲಿ ಗುರಿಯಿಲ್ಲದವರೂ ಸ್ವಂತ ಇಚ್ಛೆಯಿಂದ ಯೋಜನೆ ಮಾಡಿ ಕ್ರೆಡಿಟ್ ಪಡೆಯುವ ದಾರಿಯನ್ನು ಇಟ್ಟಿದ್ದಾರೆ. ಮರ ನೆಡಿ, ಕಾರ್ಬನ್ ದುಡ್ಡು ಕೊಡುತ್ತೇವೆ ಅನ್ನುವವರು ಹೊಲದ ತನಕ ಬರುವುದು ಇದರಿಂದ ಜಾಸ್ತಿಯಾಗಬಹುದು. ಇಂಥ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಇಂಗಾಲ ಮರದಲ್ಲೇ ಹತ್ತಾರು ವರ್ಷ ನಿಲ್ಲಬೇಕು ಅನ್ನುವ ಷರತ್ತು ಇರುತ್ತದೆ. ಪ್ಲೈವುಡ್‌ನವನಿಗೆ ಬೇಕಾದದ್ದು ಏಳನೇ ವರ್ಷದ ದಿಮ್ಮಿ. ಒಂದೇ ಗಿಡದ ಇಂಗಾಲವನ್ನು ಕ್ರೆಡಿಟ್ ಆಗಿ ಒಬ್ಬನಿಗೆ ಮಾರಿ, ಮತ್ತೆ ಅದೇ ಗಿಡದ ಹಲಗೆಯನ್ನು 'ಇಂಗಾಲ ಹಿಡಿದಿಟ್ಟ ಹಸಿರು ವಸ್ತು' ಅಂತ ಇನ್ನೊಬ್ಬ ಮಾರಿದರೆ ಒಂದೇ ಉಳಿತಾಯ ಎರಡು ಸಲ ಎಣಿಸಿದ ಹಾಗಾಯಿತು. ಹಾಗಾಗಿ ಸಹಿ ಹಾಕುವ ಮೊದಲು ರೈತ ಕೇಳಬೇಕಾದ್ದು ಎಕರೆಗೆ ಎಷ್ಟು ರೂಪಾಯಿ ಅಂತ ಮಾತ್ರ ಅಲ್ಲ. ಗಿಡ ಕಡಿಯುವ ಹಕ್ಕು ಯಾರ ಕೈಯಲ್ಲಿ, ಎಷ್ಟು ವರ್ಷ? ಬರದಲ್ಲಿ ಗಿಡ ಒಣಗಿದರೆ ಕೊಟ್ಟ ದುಡ್ಡು ವಾಪಸ್ ಕೇಳುತ್ತಾರಾ? ತೇಗವಾದರೆ ಕಡಿಯಲು ಅನುಮತಿ, ಸಾಗಿಸಲು ಪಾಸ್ ತರುವ ಓಡಾಟ ಯಾರದ್ದು? ಈ ಮೂರೂ ಒಪ್ಪಂದದ ಕಾಗದದಲ್ಲಿ ಕನ್ನಡದಲ್ಲಿ ಬರೆದಿರಬೇಕು.